ಸಣ್ಣ ಗಾಡಿಗೆ ಎಷ್ಟು ದೀಪ?

ನಮ್ಮ ಹುಲಗೂರಿನ ಬಸ್ ನಿಲ್ದಾಣದ ಬಳಿ ಸಂಜೆ ಏಳರ ಮೇಲೆ ಅರ್ಧ ಗಂಟೆ ನಿಂತವರಿಗೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಬೀಳುತ್ತದೆ ಎನ್ನುವುದಕ್ಕಿಂತ ಚುಚ್ಚುತ್ತದೆ ಎನ್ನುವುದೇ ಸರಿಯಾದೀತು. ಶಿಗ್ಗಾವಿಯ ಕಡೆಯಿಂದಲೋ ಗುಡಗೇರಿಯ ಕಡೆಯಿಂದಲೋ ಬರುವ ಮೊಪೆಡ್ಡು, ಸ್ಕೂಟರುಗಳಲ್ಲಿ ಅನೇಕವು ಕಂಪನಿಯವರು ಕೊಟ್ಟ ಒಂದು ದೀಪದಿಂದ ತೃಪ್ತವಾಗಿಲ್ಲ. ಹ್ಯಾಂಡಲ್ಲಿಗೆ ಒಂದು, ಮಡ್‌ಗಾರ್ಡಿನ ಎರಡು ಬದಿಗೆ ಎರಡು, ಕೆಲವಕ್ಕೆ ಕಾಲಿಡುವ ಜಾಗದ ಕೆಳಗೆ ನೀಲಿ ಬಣ್ಣದ ಪಟ್ಟಿ, ಹೀಗೆ ದೀಪಗಳು ಸೇರುತ್ತಲೇ ಇವೆ. ಮದುವೆಯ ಮೆರವಣಿಗೆಯ ಗ್ಯಾಸ್‌ಲೈಟುಗಳನ್ನು ಕಂಡು ಬೆಳೆದ ನನ್ನ ತಲೆಮಾರಿನವರಿಗೆ ಇದೊಂದು ಸಣ್ಣ ಮೆರವಣಿಗೆಯಂತೆಯೇ ತೋರುತ್ತದೆ.

ಇದನ್ನು ಕಂಡು ಮೂಗು ಮುರಿಯುವ ಹಿರಿಯರು ನಮ್ಮಲ್ಲಿ ಬಹಳ. "ಹುಡುಗರ ಸೋಕಿ" ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟು ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಾರೆ. ಸರ್ಕಾರದ ಕಡೆಯಿಂದಲೂ ಇಂಥದೇ ತೀರ್ಪು ಬಂದಿದೆ. 2024ರ ಜುಲೈ ತಿಂಗಳಿಂದ ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ರಾಜ್ಯದ ಪೊಲೀಸರು ವಿಶೇಷ ಕಾರ್ಯಾಚರಣೆ ನಡೆಸಿ ಸಾವಿರಾರು ಪ್ರಕರಣಗಳನ್ನು ದಾಖಲಿಸಿದರು. ಕಣ್ಣು ಕುಕ್ಕುವ ದೀಪ ಅಪಾಯಕಾರಿಯೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಹೆಚ್ಚಿನ ದೀಪವನ್ನು ಬಯಸುವವರೆಲ್ಲ ಸೋಕಿಲಾಲರು ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ಮೂರು ದಶಕಗಳಿಗೂ ಹೆಚ್ಚು ಕಾಲ ಹಳ್ಳಿಯ ಶಾಲೆಗಳಲ್ಲಿ ವಿಜ್ಞಾನ ಪಾಠ ಮಾಡಿದವನು ನಾನು. ಈ ಪ್ರಶ್ನೆಯಲ್ಲಿ ಸ್ವಲ್ಪ ಭೌತಶಾಸ್ತ್ರವಿದೆ, ಸ್ವಲ್ಪ ಕಾನೂನಿದೆ, ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ಎರೆಭೂಮಿಯ ರೈತನ ರಾತ್ರಿಯ ಬದುಕಿದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಹಳ್ಳಿಯ ಸಣ್ಣ ಗಾಡಿಗೆ ಇನ್ನೊಂದು ದೀಪ ಬೇಕು, ಆದರೆ ಆ ದೀಪವನ್ನು ನಾವು ಹಾಕಿಸುತ್ತಿರುವ ರೀತಿಯೂ ಜಾಗವೂ ತಪ್ಪು.

ದೀಪವೆಂಬುದು ನೋಡುವುದಕ್ಕೆ ಮಾತ್ರ ಎಂಬ ಭಾವನೆ ಈಚಿನದು. ನಾನು ಬಾಲಕನಾಗಿದ್ದಾಗ ರಾತ್ರಿ ಹೊರಡುವ ಚಕ್ಕಡಿಯ ಕೆಳಗೆ, ಅಚ್ಚಿನ ಹಿಂದೆ, ಒಂದು ಲಾಟೀನನ್ನು ತೂಗುಹಾಕುತ್ತಿದ್ದರು. ಎತ್ತುಗಳಿಗೆ ಆ ಬೆಳಕು ಬೇಕಿರಲಿಲ್ಲ. ಅವುಗಳಿಗೆ ದಾರಿ ಗೊತ್ತು. ಹೊಡೆಯುವವನು ಅರ್ಧ ನಿದ್ದೆಯಲ್ಲಿರುತ್ತಿದ್ದನಾದ್ದರಿಂದ ಅವನಿಗೂ ಬೇಕಿರಲಿಲ್ಲ. ಹಿಂದಿನಿಂದ ಬರುವವನಿಗೆ ಇಲ್ಲೊಂದು ಬಂಡಿ ಇದೆ ಎಂದು ತಿಳಿಸುವುದೇ ಆ ತೂಗುದೀಪದ ಕೆಲಸ. ಗಾಜು ಮಸಿ ಹಿಡಿದಿದ್ದರೂ ಆ ಹಳದಿ ಚುಕ್ಕೆ ಎರೆಹೊಲದ ಕತ್ತಲೆಯಲ್ಲಿ ಬಹು ದೂರಕ್ಕೆ ಕಾಣುತ್ತಿತ್ತು. ಸೈಕಲ್ಲಿನವನಿಗೂ ದೀಪ ಕಡ್ಡಾಯವಿತ್ತು. ದೀಪವಿಲ್ಲದ ಸೈಕಲ್ಲನ್ನು ಪೇಟೆಯಲ್ಲಿ ಪೊಲೀಸರು ಹಿಡಿದರೆ ಚಕ್ರದ ಗಾಳಿ ಬಿಡುತ್ತಿದ್ದರು, ಇಲ್ಲವೆ ದಂಡ ಹಾಕುತ್ತಿದ್ದರು.

ಆ ಸೈಕಲ್ಲಿನ ಡೈನಮೊ ನನಗೆ ಪಾಠದ ದೊಡ್ಡ ಸಾಧನವಾಗಿತ್ತು. ಆರು ವೋಲ್ಟಿನ, ಮೂರು ವ್ಯಾಟಿನ ಆ ಪುಟ್ಟ ಯಂತ್ರವನ್ನು ಟೈರಿಗೆ ಒತ್ತಿದ ಕೂಡಲೇ ಪೆಡಲು ಭಾರವಾಗುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯ ತತ್ತ್ವವನ್ನು ಕರಿಹಲಗೆಯ ಮೇಲೆ ಎಷ್ಟು ಬರೆದರೂ ಅರ್ಥವಾಗದ ಮಕ್ಕಳಿಗೆ, ಶಾಲೆಯ ಅಂಗಳದಲ್ಲಿ ಡೈನಮೊ ಹಾಕಿದ ಸೈಕಲ್ಲನ್ನು ಒಂದು ಸುತ್ತು ಹೊಡೆಸಿದರೆ ಸಾಕು, ತೊಡೆಗೇ ಅರ್ಥವಾಗುತ್ತಿತ್ತು. ಬೆಳಕು ಪುಕ್ಕಟೆ ಬರುವುದಿಲ್ಲ. ಯಾವುದೋ ಕಾಲು ಅದನ್ನು ತುಳಿಯಲೇಬೇಕು. ಗಾಡಿಗಳಲ್ಲಿ ಈ ಸತ್ಯ ಇಂಜಿನ್ನಿನ ಒಳಗೆ ಮರೆಯಾಗಿಬಿಟ್ಟಿತು. ಕಾಲಿಗೆ ಭಾರ ತಗಲುವುದಿಲ್ಲವಾದ್ದರಿಂದ ಎಷ್ಟು ದೀಪ ಬೇಕಾದರೂ ಹಚ್ಚಬಹುದೆಂಬ ಭ್ರಮೆ ಹುಟ್ಟಿತು.

ಪುಣೆಯ ಕೈನೆಟಿಕ್‌ನವರ ಲೂನಾ 1972ರಲ್ಲಿ ಮಾರುಕಟ್ಟೆಗೆ ಬಂದಿತು. ಹೊಸೂರಿನಿಂದ ಟಿವಿಎಸ್ 50 ಬಂದುದು 1980ರಲ್ಲಿ. ಇವು ನಮ್ಮ ಕಡೆಯ ಹಳ್ಳಿಗಳನ್ನು ತಲುಪಿದಾಗ ಸೈಕಲ್ಲಿನ ಮೇಲೆ ಹೊಟ್ಟೆ ಹೊರೆಯುತ್ತಿದ್ದ ಹಾಲಿನವರು, ಬಟ್ಟೆ ವ್ಯಾಪಾರಿಗಳು ಮತ್ತು ನನ್ನಂಥ ಮಾಸ್ತರುಗಳು ಧನ್ಯರಾದೆವು. ನಾನೊಂದು ಲೂನಾ ಇಟ್ಟುಕೊಂಡಿದ್ದೆ. ಅದರ ದೀಪದ ಸೊಗಸನ್ನು ಅನುಭವಿಸಿದವರೇ ಬಲ್ಲರು. ಅದಕ್ಕೆ ವಿದ್ಯುತ್ತು ನೇರವಾಗಿ ಮ್ಯಾಗ್ನೆಟಿನಿಂದ ಬರುತ್ತಿತ್ತು. ಎಕ್ಸಲೇಟರ್ ಕೊಟ್ಟರೆ ಬೆಳಕು, ಬಿಟ್ಟರೆ ಮಿಣಕು. ಮುಂದೆ ತಗ್ಗು ಇದೆಯೆಂದು ಅನುಮಾನ ಬಂದಾಗ ಯಾರೇ ಆಗಲಿ ವೇಗ ತಗ್ಗಿಸಬೇಕಷ್ಟೆ? ವೇಗ ತಗ್ಗಿಸಿದರೆ ತಗ್ಗೇ ಕಾಣದು! ತಗ್ಗನ್ನು ಕಾಣಬೇಕಾದರೆ ಎಕ್ಸಲೇಟರ್ ತಿರುವಬೇಕು, ತಿರುವಿದರೆ ತಗ್ಗಿನೊಳಗೇ ಹೋಗಬೇಕು. ಈ ಸಂಕಟದಲ್ಲಿ ಸಿಕ್ಕ ಜಾಣರು ಕ್ಲಚ್ಚಿಲ್ಲದ ಆ ಗಾಡಿಯಲ್ಲಿ ಬ್ರೇಕು ಒತ್ತಿ ಹಿಡಿದೇ ಎಕ್ಸಲೇಟರ್ ಕೊಡುವ ಒಂದು ವಿದ್ಯೆಯನ್ನು ಕಲಿತಿದ್ದರು. ಇನ್ನೊಂದು ತಮಾಷೆಯೂ ಇತ್ತು. ಹಿಂದಿನ ಕೆಂಪು ಬಲ್ಬು ಸುಟ್ಟುಹೋದರೆ ಅದರ ಪಾಲಿನ ವಿದ್ಯುತ್ತೂ ಮುಂದಿನ ಬಲ್ಬಿಗೇ ನುಗ್ಗಿ, ಮುಂದಿನದು ಒಂದೆರಡು ದಿನ ದೇದೀಪ್ಯಮಾನವಾಗಿ ಉರಿದು ತಾನೂ ಸುಟ್ಟುಹೋಗುತ್ತಿತ್ತು.

ಈಗಿನ ಗಾಡಿಗಳು ಹನ್ನೆರಡು ವೋಲ್ಟಿನವು; ಅವುಗಳಲ್ಲಿ ರೆಗ್ಯುಲೇಟರ್ ಇದೆ, ಬ್ಯಾಟರಿ ಇದೆ. ಆದರೂ ಮೂಲ ಲೆಕ್ಕ ಬದಲಾಗಿಲ್ಲ. ಇಂಜಿನ್ನಿನ ಜೊತೆಗೆ ತಿರುಗುವ ಮ್ಯಾಗ್ನೆಟು ಒಂದು ಮಿತಿಯವರೆಗೆ ಮಾತ್ರ ವಿದ್ಯುತ್ತು ಕೊಡಬಲ್ಲುದು. ಹಳೆಯ ಹನ್ನೆರಡು ವೋಲ್ಟಿನ ಮೊಪೆಡ್ಡೊಂದರಲ್ಲಿ ಅದು ಐವತ್ತು ವ್ಯಾಟಿನ ಆಸುಪಾಸು ಎಂದಿಟ್ಟುಕೊಳ್ಳಿ, ಅದೂ ಇಂಜಿನ್ನು ಭರದಿಂದ ಓಡುವಾಗ. ಇದನ್ನು ತಿಂಗಳ ಸಂಬಳವೆಂದು ತಿಳಿಯೋಣ. ಮುಂದಿನ ದೀಪಕ್ಕೆ 35 ವ್ಯಾಟು ಹೋಯಿತು. ಹಿಂದಿನ ಕೆಂಪು ದೀಪಕ್ಕೆ 5. ಬ್ರೇಕು ಒತ್ತಿದಾಗ ಹತ್ತುವ ಬಲ್ಬು 21 ವ್ಯಾಟಿನದು, ತಿರುವಿನ ದೀಪಗಳು ಒಂದೊಂದೂ 10ರವು, ಮೇಲೆ ಹಾರನ್ನು. ಇವು ಆಗಾಗ ಮಾತ್ರ ಬರುವ ಖರ್ಚುಗಳಾದ್ದರಿಂದ ಬ್ಯಾಟರಿ ಸಾಲ ಕೊಟ್ಟು ಸರಿದೂಗಿಸುತ್ತದೆ. ಸಂಸಾರ ಹೇಗೋ ನಡೆಯುತ್ತದೆ. ಇಂಥ ಮನೆಗೆ ಇಪ್ಪತ್ತು ವ್ಯಾಟಿನ ಎರಡು ದೀಪಗಳನ್ನು ತಂದು ಕೂಡಿಸಿದರೆ ಪ್ರತಿ ಸಂಜೆಯೂ ನಲವತ್ತು ವ್ಯಾಟಿನ ಹೊಸ ಖರ್ಚು. ಸಂಬಳ ಅಷ್ಟೇ ಇದೆ. ಮಿಕ್ಕದ್ದನ್ನು ಬ್ಯಾಟರಿಯೇ ಭರಿಸಬೇಕು. ಸಣ್ಣ ಗಾಡಿಗಳ ಬ್ಯಾಟರಿ ಸಾಮಾನ್ಯವಾಗಿ 3ರಿಂದ 5 ಆಂಪಿಯರ್-ಅವರಿನದು. ನಲವತ್ತು ವ್ಯಾಟನ್ನು ಹನ್ನೆರಡು ವೋಲ್ಟಿನಿಂದ ಭಾಗಿಸಿದರೆ ಮೂರೂಕಾಲು ಆಂಪಿಯರಿಗೂ ಸ್ವಲ್ಪ ಹೆಚ್ಚು. ಅಂದರೆ ಮೂರು ಆಂಪಿಯರ್-ಅವರಿನ ಹೊಸ ಬ್ಯಾಟರಿ ಕೂಡ ಇಂಜಿನ್ನು ನಿಲ್ಲಿಸಿ ದೀಪ ಹಚ್ಚಿಟ್ಟರೆ ಒಂದು ಗಂಟೆ ತಾಳುವುದಿಲ್ಲ. ಹಳೆಯದಾದರೆ ಕೇಳಲೇಬೇಡಿ.

2017ರ ಏಪ್ರಿಲ್ 1ರಿಂದ ತಯಾರಾಗುವ ದ್ವಿಚಕ್ರ ವಾಹನಗಳಲ್ಲಿ ಇಂಜಿನ್ನು ಚಾಲೂ ಆದೊಡನೆ ಮುಂದಿನ ದೀಪ ತಾನೇ ಹತ್ತಿಕೊಳ್ಳಬೇಕೆಂಬ ನಿಯಮ ಬಂದಿದೆ. ಮೊದಮೊದಲು ಹಾಡುಹಗಲಿನಲ್ಲಿ ದೀಪ ಹಚ್ಚಿಕೊಂಡು ಬರುವ ಹೊಸ ಗಾಡಿಯವರಿಗೆ ಎದುರಿನ ಸಜ್ಜನರೆಲ್ಲರೂ ಅಂಗೈಯನ್ನು ಮುಚ್ಚಿ ತೆರೆದು ಸನ್ನೆ ಮಾಡುತ್ತಿದ್ದುದು ನಿಮಗೂ ನೆನಪಿರಬಹುದು. ಪಾಪ, ಆ ಗಾಡಿಯವನು ಆರಿಸಲು ಸ್ವಿಚ್ಚೇ ಇಲ್ಲವೆಂದು ಎಷ್ಟು ಜನರಿಗೆ ಕೂಗಿ ಹೇಳಿಯಾನು! ಈ ನಿಯಮದ ಉದ್ದೇಶ ಒಳ್ಳೆಯದು: ಸಣ್ಣ ಗಾಡಿ ದೊಡ್ಡ ಗಾಡಿಯವನ ಕಣ್ಣಿಗೆ ಹಗಲಿನಲ್ಲಿಯೂ ಬೀಳಲಿ ಎಂಬುದು. ಚಕ್ಕಡಿಯ ಲಾಟೀನಿನ ತತ್ತ್ವವೇ ಅದು, ಮುಂಬದಿಗೆ ಬಂದಿದೆ ಅಷ್ಟೆ. ಆದರೆ ಲೆಕ್ಕದ ದೃಷ್ಟಿಯಿಂದ ನೋಡಿದರೆ, ಹಗಲಿನಲ್ಲಿ ಉಳಿಯುತ್ತಿದ್ದ ವಿದ್ಯುತ್ತೂ ಈಗ ಮೊದಲಿನಂತೆ ಉಳಿಯುವುದಿಲ್ಲ. ಮೇಲಾಗಿ 2020ರ ನಂತರದ ಹೊಸ ಮಾದರಿಗಳಲ್ಲಿ ಕಾರ್ಬ್ಯುರೇಟರಿನ ಬದಲು ಇಂಜೆಕ್ಷನ್ ಬಂದಿದೆ. ಪೆಟ್ರೋಲು ಒತ್ತುವ ಪಂಪು, ಎಲ್ಲವನ್ನೂ ಲೆಕ್ಕ ಹಾಕುವ ಎಲೆಕ್ಟ್ರಾನಿಕ್ ಪೆಟ್ಟಿಗೆ, ಎಲ್ಲವೂ ಇದೇ ಸಂಬಳದಲ್ಲಿ ಉಣ್ಣಬೇಕು. ಹಳೆಯ ಗಾಡಿಯಲ್ಲಿ ಬ್ಯಾಟರಿ ಸತ್ತರೆ ಹಾರನ್ನು ಸಾಯುತ್ತಿತ್ತು. ಹೊಸದರಲ್ಲಿ ಇಂಜಿನ್ನೇ ಮುನಿಸಿಕೊಳ್ಳಬಹುದು.

ಇಷ್ಟೆಲ್ಲ ತಿಳಿದೂ ಜನ ಯಾಕೆ ದೀಪ ಹಾಕಿಸುತ್ತಾರೆ? ನಮ್ಮೂರಿನ ಗ್ಯಾರೇಜೊಂದರ ಮಿಸ್ತ್ರಿ ನನ್ನ ಹಳೆಯ ವಿದ್ಯಾರ್ಥಿ. ಏಳನೆಯ ಇಯತ್ತೆಯಲ್ಲಿ ಗಣಿತಕ್ಕೆ ತಿಣುಕುತ್ತಿದ್ದವನು ಈಗ ಬಾಯಲ್ಲೇ ಆಂಪಿಯರು ಲೆಕ್ಕ ಹಾಕುತ್ತಾನೆ. ಅವನನ್ನು ಕೇಳಿದೆ.

"ಅಲ್ಲಪಾ, ಇರೂದು ಒಂದು ಮುಷ್ಟಿ ಬ್ಯಾಟ್ರಿ. ಇಷ್ಟೊಂದು ಲೈಟ್ ಯಾಕ ಹಾಕಿ ಕೊಡ್ತಿ?"

"ಸರ, ಕಂಪನಿ ಲೈಟ್ ಪ್ಯಾಟ್ಯಾಗ ಸಾಕ್ರಿ. ಅಲ್ಲಿ ಕಂಬದ ಲೈಟ್ ಇರ್ತಾವು. ನಮ್ಮ ಹೊಲದ ದಾರ್ಯಾಗ ಅದರಾಗ ಏನ್ ಕಾಣ್ತೈತ್ರಿ? ಹಾವು ಕಾಣಂಗಿಲ್ಲ, ಹಂದಿ ಕಾಣಂಗಿಲ್ಲ. ಬಂದವರಿಗೆ ಬ್ಯಾಡ ಅಂದ್ರ ಮುಂದಿನ ಅಂಗಡಿಗೆ ಹೋಗ್ತಾರ್ರಿ."

ಅವನ ಮಾತಿನ ಕೊನೆಯ ಭಾಗ ವ್ಯಾಪಾರ, ಮೊದಲ ಭಾಗ ಸತ್ಯ. ಪಂಪ್‌ಸೆಟ್ಟಿಗೆ ಮೂರು ಫೇಸಿನ ಕರೆಂಟು ಪಾಳಿಯ ಮೇಲೆ ಬರುತ್ತದೆ. ಆ ಪಾಳಿ ಎಷ್ಟೋ ಸಲ ರಾತ್ರಿಯದೇ. ಊರೆಲ್ಲ ಮಲಗಿದ ಮೇಲೆ ರೈತ ಎದ್ದು, ಮೊಪೆಡ್ಡಿನ ಮುಂದೆ ಸಲಿಕೆ ಇಟ್ಟುಕೊಂಡು, ಟಾರು ರಸ್ತೆ ಬಿಟ್ಟು ಬಂಡಿದಾರಿಗೆ ಇಳಿದು ಹೊಲಕ್ಕೆ ಹೋಗಬೇಕು. ಅಲ್ಲಿ ಗಾಡಿ ನಿಲ್ಲಿಸಿ, ಅದರ ದೀಪದ ಬೆಳಕಿನಲ್ಲೇ ಸ್ಟಾರ್ಟರಿನ ಪೆಟ್ಟಿಗೆ ತೆರೆಯಬೇಕು. ಕೈ ತೊಯ್ದಿರುತ್ತದೆ, ಕಾಲ ಕೆಳಗೆ ಕೆಸರು. ಆ ಹೊತ್ತಿನಲ್ಲಿ ಬೆಳಕು ಅವನಿಗೆ ಸೋಕಿಯಲ್ಲ. ಬೆಳಗಿನ ನಾಲ್ಕಕ್ಕೆ ಕಾಯಿಪಲ್ಲೆಯ ಗಂಟು ಕಟ್ಟಿಕೊಂಡು ಹುಬ್ಬಳ್ಳಿಯ ಗಾಡಿ ಹಿಡಿಯಲು ಹೊರಡುವವರು, ಡೇರಿಗೆ ಹಾಲು ಹಾಕುವವರು, ರಾತ್ರಿಯ ರೈಲಿಗೆ ಬರುವ ನೆಂಟರನ್ನು ಕರೆತರಲು ಗುಡಗೇರಿಯ ನಿಲ್ದಾಣಕ್ಕೆ ಹೋಗುವವರು, ಎಲ್ಲರ ಪಾಡೂ ಇದೇ. ಶಿಶುನಾಳ ಶರೀಫರ ತಂದೆತಾಯಿಗಳು ಸಂತಾನಕ್ಕಾಗಿ ಹರಕೆ ಹೊತ್ತರೆಂದು ಹೇಳುವ ನಮ್ಮೂರ ದರ್ಗಾಕ್ಕೆ ಸುತ್ತಣ ಹಳ್ಳಿಗಳಿಂದ ಬರುವ ಭಕ್ತರು ಕೂಡ ಹೊತ್ತು ಮುಳುಗಿದ ಮೇಲೆ ಇಬ್ಬರು ಮೂವರು ಒಂದೇ ಗಾಡಿಯಲ್ಲಿ ಕೂತು ಕತ್ತಲೆಯಲ್ಲೇ ಮರಳುತ್ತಾರೆ.

ಸಣ್ಣ ಗಾಡಿಗಳನ್ನು ತಯಾರಿಸುವವರು ತಮ್ಮ ಜಾಹೀರಾತಿನಲ್ಲಿ ತೋರಿಸುವುದು ಇದೇ ರೈತನನ್ನು. ಗೊಬ್ಬರದ ಚೀಲ, ಹಾಲಿನ ಕ್ಯಾನು, ಮೇವಿನ ಹೊರೆ, ಎಲ್ಲವನ್ನೂ ಗಾಡಿಯ ಮೇಲೆ ಹೇರಿ ಹಗಲು ಬೆಳಕಿನಲ್ಲಿ ಚಿತ್ರ ತೆಗೆಯುತ್ತಾರೆ. ಅವನ ರಾತ್ರಿಯ ಚಿತ್ರವನ್ನು ಯಾರೂ ತೆಗೆದಿಲ್ಲ. ಕೆಲವು ಹೊಸ ಮೊಪೆಡ್ಡುಗಳಲ್ಲಿ ಮೊಬೈಲು ಚಾರ್ಜು ಮಾಡಲು ಸಾಕೆಟ್ಟು ಕೊಟ್ಟಿದ್ದಾರೆ. ಒಳ್ಳೆಯದೇ. ಆದರೆ ಫೋನಿಗೆ ಬಾಯಿ ಇಟ್ಟವರು ಒಂದು ಸಣ್ಣ ಕೆಲಸದ ದೀಪಕ್ಕೆ ಫ್ಯೂಸಿನ ಸಮೇತ ಒಂದು ಕನೆಕ್ಷನ್ ಬಿಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು? ಐದು ವ್ಯಾಟಿನ ಒಂದು ಎಲ್‌ಇಡಿ ದೀಪ, ಕೈಯಿಂದ ತಿರುಗಿಸಬಹುದಾದದ್ದು, ಗಾಡಿ ನಿಂತಾಗ ಮಾತ್ರ ಹತ್ತುವಂಥದು. ಸ್ಟಾರ್ಟರಿನ ಪೆಟ್ಟಿಗೆ ನೋಡಲು ಅಷ್ಟು ಸಾಕು. ಕಂಪನಿಯವರು ಮಾಡದೆ ಬಿಟ್ಟ ಕೆಲಸವನ್ನು ನಮ್ಮ ಮಿಸ್ತ್ರಿ ಚಾಕುವಿನಿಂದ ವೈರು ಹೆರೆದು ಮಾಡುತ್ತಿದ್ದಾನೆ. ತಪ್ಪಿನ ಮೊದಲ ಪಾಲು ಅವನದಲ್ಲವೆಂದು ನನ್ನ ಮತ.

ಆದರೂ ಆ ಚಾಕುವಿನ ಕೆಲಸದ ಬಗ್ಗೆ ಒಂದೆರಡು ಮಾತು ಹೇಳದೆ ಇರಲಾರೆ. ಮೂಲ ದೀಪದ ವೈರನ್ನು ಹೆರೆದು, ಅದರ ಮೇಲೆ ಹೊಸ ವೈರನ್ನು ಸುತ್ತಿ, ಇನ್ಸುಲೇಶನ್ ಟೇಪಿನ ಎರಡು ಸುತ್ತು ಹಾಕಿದರೆ ಕೆಲಸ ಮುಗಿಯಿತೆಂದು ತಿಳಿಯುತ್ತಾರೆ. ಒಂದು ದೀಪಕ್ಕೆಂದು ಮಾಡಿದ ತೆಳುವಾದ ತಂತಿ, ಒಂದು ದೀಪಕ್ಕೆಂದು ಮಾಡಿದ ಸ್ವಿಚ್ಚು ಈಗ ಮೂರು ದೀಪಗಳ ಹೊರೆ ಹೊರಬೇಕು. ತಂತಿ ಬಿಸಿಯಾಗುತ್ತದೆ, ಸ್ವಿಚ್ಚಿನೊಳಗಿನ ಪ್ಲಾಸ್ಟಿಕ್ಕು ಕರಗುತ್ತದೆ. ಹ್ಯಾಂಡಲ್ಲಿನ ಕುತ್ತಿಗೆಯ ಬಳಿ ವೈರು ದಿನಕ್ಕೆ ನೂರಾರು ಸಲ ಮಡಚಿ ಬಿಚ್ಚಿ ಅದರ ಮೇಲ್ಪದರು ಸವೆಯುತ್ತದೆ. ಒಂದು ದಿನ ಬರಿಯ ತಾಮ್ರ ಕಬ್ಬಿಣಕ್ಕೆ ತಾಗಿ ಶಾರ್ಟ್ ಆಗುತ್ತದೆ. ಫ್ಯೂಸು ಸರಿಯಾಗಿದ್ದರೆ ಆಗ ಅದು ಹೋಗಿ ಗಾಡಿ ಉಳಿಯುತ್ತದೆ. ಆದರೆ ಮನೆಯ ಮೀಟರಿನ ಫ್ಯೂಸಿಗೆ ದಪ್ಪ ತಂತಿ ಕಟ್ಟುವ ನಮ್ಮ ಜನ, ಪದೇಪದೇ ಹೋಗುವ ಗಾಡಿಯ ಫ್ಯೂಸಿಗೆ ಸಿಗರೇಟು ಪಾಕೀಟಿನ ಬೇಗಡೆ ಸುತ್ತುತ್ತಾರೆ. ಅಲ್ಲಿಂದ ಪೆಟ್ರೋಲಿನ ಟ್ಯಾಂಕು ಎಷ್ಟು ದೂರವಿದೆಯೆಂದು ಒಮ್ಮೆ ಬಗ್ಗಿ ನೋಡಿದರೆ ಸಾಕು, ಬೇಗಡೆ ಹಾಕುವ ಧೈರ್ಯ ಯಾರಿಗೂ ಬರಲಾರದು. ಹೊಸ ದೀಪಕ್ಕೆ ಬ್ಯಾಟರಿಯಿಂದಲೇ ಬೇರೆ ವೈರು, ಬ್ಯಾಟರಿಯ ಪಕ್ಕದಲ್ಲೇ ಅದರದೇ ಫ್ಯೂಸು, ದೀಪ ಹೆಚ್ಚು ಆಂಪಿಯರ್ ಎಳೆಯುವುದಾದರೆ ನಡುವೆ ಒಂದು ರಿಲೇ, ಕೀಲಿ ತೆಗೆದರೆ ತಾನೇ ಆರುವ ವ್ಯವಸ್ಥೆ. ಇಷ್ಟು ಮಾಡದೆ ದೀಪ ಕೂಡಿಸುವವನನ್ನು ನಾನು ಮಿಸ್ತ್ರಿ ಎನ್ನುವುದಿಲ್ಲ. ನನ್ನ ವಿದ್ಯಾರ್ಥಿಯಾದರೂ ಸರಿಯೆ. ದೀಪ ಮಾರುವವರು ಡಬ್ಬಿಯ ಮೇಲೆ ಬರೆದ ವ್ಯಾಟಿನ ಸಂಖ್ಯೆಯನ್ನೂ ಪೂರ್ತಿ ನಂಬಬೇಡಿ. ಹನ್ನೆರಡು ವೋಲ್ಟಿಗೆ ಹಚ್ಚಿ ಆಂಪಿಯರು ಅಳೆದರೆ ನಿಜ ಹೊರಬೀಳುತ್ತದೆ.

ಇನ್ನೂ ಒಂದು ಮಾತು. ಎಷ್ಟೋ ಗಾಡಿಗಳಿಗೆ ಹೊಸ ದೀಪವೇ ಬೇಕಿರುವುದಿಲ್ಲ. ಇದ್ದ ದೀಪಕ್ಕೆ ಸರಿಯಾಗಿ ಊಟ ಸಿಗುತ್ತಿರುವುದಿಲ್ಲ. ತುಕ್ಕು ಹಿಡಿದ ಅರ್ಥಿಂಗಿನಿಂದ ಬಲ್ಬಿಗೆ ತಲುಪುವ ವೋಲ್ಟೇಜು ಶೇಕಡ ಹತ್ತು ಕಡಿಮೆಯಾದರೆ, ತಂತುವಿನ ಬಲ್ಬಿನ ಬೆಳಕು ಸುಮಾರು ಶೇಕಡ ಮೂವತ್ತು ಕಡಿಮೆಯಾಗುತ್ತದೆ. ಹತ್ತಕ್ಕೆ ಹತ್ತಲ್ಲ, ಹತ್ತಕ್ಕೆ ಮೂವತ್ತು! ಕಪ್ಪುಹಿಡಿದ ರಿಫ್ಲೆಕ್ಟರು, ದೂಳು ಕುಂತ ಗಾಜು ಇನ್ನಷ್ಟು ನುಂಗುತ್ತವೆ. ಒಂದು ತುಂಡು ಮರಳು ಕಾಗದ, ಒಂದು ಒದ್ದೆ ಅರಿವೆ, ಹತ್ತು ನಿಮಿಷದ ದುಡಿಮೆ. ಇದರಲ್ಲಿ ಲಾಭವಿಲ್ಲವಾದ್ದರಿಂದ ಯಾವ ಅಂಗಡಿಯವರೂ ಇದನ್ನು ಹೇಳುವುದಿಲ್ಲ.

ಹಾಗಾದರೆ ಮೊಪೆಡ್ಡಿಗೆ ಎಷ್ಟು ದೂರದ ಬೆಳಕು ಬೇಕು? ಗಂಟೆಗೆ ನಲವತ್ತು ಕಿಲೋಮೀಟರ್ ಓಡುವ ಗಾಡಿ ಒಂದು ಸೆಕೆಂಡಿಗೆ ಹನ್ನೊಂದು ಮೀಟರ್ ಸಾಗುತ್ತದೆ. ಕಂಡದ್ದು ತಲೆಗೆ ಹೋಗಿ ಕೈ ಬ್ರೇಕು ಹಿಡಿಯಲು ಒಂದು ಸೆಕೆಂಡು. ಆಮೇಲೆ ನಿಲ್ಲಲು ಒಣ ರಸ್ತೆಯಲ್ಲಿ ಇನ್ನು ಹದಿನಾಲ್ಕು ಮೀಟರ್ ಎನ್ನಿ. ಒಟ್ಟು ಇಪ್ಪತ್ತೈದು. ಐವತ್ತರ ವೇಗಕ್ಕೆ ಈ ಲೆಕ್ಕ ಮೂವತ್ತೈದಕ್ಕೆ ಬರುತ್ತದೆ. ಸುಸ್ಥಿತಿಯಲ್ಲಿರುವ, ಸರಿಯಾಗಿ ತಿರುಗಿಸಿದ ಒಂದೇ ದೀಪ ಇಷ್ಟನ್ನು ತೋರಿಸಬಲ್ಲುದು. ಅದಕ್ಕೆ ಬೆಂಬಲವಾಗಿ ಕೆಳಗೆ, ರಸ್ತೆಯ ಅಂಚನ್ನು ಅಗಲವಾಗಿ ಬೆಳಗುವ ಒಂದು ಸಣ್ಣ ದೀಪವಿದ್ದರೆ ಬಂಡಿದಾರಿಗೂ ಸಾಕು. ಇನ್ನೂರು ಮೀಟರ್ ದೂರದ ಬೇವಿನ ಮರದ ಎಲೆ ಎಣಿಸುವಂಥ ಬೆಳಕು ನಲವತ್ತರ ಗಾಡಿಗೆ ಏಕೆ?

ಆ ಬೆಳಕು ಎಲೆಗಳ ಮೇಲಷ್ಟೇ ಬಿದ್ದಿದ್ದರೆ ನನ್ನ ತಕರಾರಿರಲಿಲ್ಲ. ಅದು ಬೀಳುವುದು ಎದುರಿನವನ ಕಣ್ಣಿಗೆ. ಪ್ರಖರ ಬೆಳಕು ಬಿದ್ದ ಕಣ್ಣು ಮತ್ತೆ ಕತ್ತಲೆಗೆ ಹೊಂದಿಕೊಳ್ಳಲು ಕೆಲವು ಸೆಕೆಂಡುಗಳು ಬೇಕು, ವಯಸ್ಸಾದಂತೆ ಇನ್ನೂ ಹೆಚ್ಚು ಬೇಕು. ಐದು ಸೆಕೆಂಡು ಎಂದುಕೊಂಡರೂ ನಲವತ್ತರ ವೇಗದಲ್ಲಿ ಐವತ್ತೈದು ಮೀಟರ್ ಕುರುಡು ಸವಾರಿ. ಪೊರೆ ಬಂದ ಕಣ್ಣಿನವರಿಗೆ ಆ ಬಿಳಿಯ ಬೆಳಕು ಒಡೆದು ಹರಡಿ, ಇಡೀ ರಸ್ತೆ ಹಾಲಿನ ಪರದೆಯಾಗುತ್ತದೆ. ನಾನು ಈ ವಯಸ್ಸಿನಲ್ಲಿ ರಾತ್ರಿ ಗಾಡಿ ಹೊಡೆಯುವುದನ್ನು ಬಿಟ್ಟಿರುವುದು ಇದೇ ಕಾರಣಕ್ಕೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೆಯ ನಿಯಮ ಈ ವಿಷಯವನ್ನು ಅಳತೆಯ ಪಟ್ಟಿ ಹಿಡಿದೇ ಹೇಳಿದೆ: ದೀಪದ ಮುಂದೆ ಎಂಟು ಮೀಟರ್ ದೂರದಲ್ಲಿ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರುವ ವ್ಯಕ್ತಿಗೆ ಕಣ್ಣು ಕುಕ್ಕದಂತೆ ಬೆಳಕು ಕೆಳಮುಖವಾಗಿರಬೇಕು. ಒಂದೂವರೆ ಮೀಟರ್ ಎಂದರೆ ಹೆಚ್ಚುಕಡಿಮೆ ನಿಂತ ಮನುಷ್ಯನ ಕಣ್ಣಿನ ಎತ್ತರ. ನಿಯಮ ಬರೆದವರ ಮನಸ್ಸಿನಲ್ಲಿ ದಾರಿಹೋಕನೂ ಇದ್ದ ಎನ್ನಿಸಿ ನನಗೆ ಸಂತೋಷವಾಯಿತು. ಈ ನಿಯಮ ದೀಪ ಎಷ್ಟು ಎನ್ನುವುದಕ್ಕಿಂತ ಬೆಳಕು ಎಲ್ಲಿ ಬೀಳುತ್ತದೆ ಎಂಬುದನ್ನು ಕೇಳುತ್ತದೆ. ದಂಡ ಹಾಕುವವರೂ ಅದನ್ನೇ ಕೇಳಬೇಕು. ಗಾಡಿಗೆ ಎರಡನೆಯ ದೀಪ ಕಂಡ ಕೂಡಲೇ ರಸೀದಿ ಹರಿಯುವುದು ಸುಲಭ. ಆ ದೀಪ ನೆಲ ನೋಡುತ್ತಿದೆಯೋ ಮುಖ ನೋಡುತ್ತಿದೆಯೋ ಎಂದು ಬಗ್ಗಿ ನೋಡುವುದು ಸ್ವಲ್ಪ ಕಷ್ಟದ ಕೆಲಸ.

ಇನ್ನು ಜಾಗದ ಮಾತು. ದೀಪ ಕೂಡಿಸಿದ ಗಾಡಿಗಳ ಹಿಂಬದಿಯನ್ನು ನಾನು ಕೆಲವು ದಿನ ಬೇಕೆಂದೇ ಗಮನಿಸಿದೆ. ಮುಂದೆ ಮೂರು ದೀಪ ಉರಿಯುವ ಗಾಡಿಗೆ ಹಿಂದೆ ಒಂದೂ ಉರಿಯದಿರುವುದನ್ನು ಒಂದಲ್ಲ, ಹಲವು ಸಲ ಕಂಡೆ. ಐದು ವ್ಯಾಟಿನ ಬಲ್ಬು, ಅದೂ ಸುಟ್ಟುಹೋಗಿ ಯಾವ ಕಾಲವಾಯಿತೋ. ಕುಳಿತವನಿಗೆ ಅದು ಕಾಣುವುದಿಲ್ಲವಾದ್ದರಿಂದ ಅದರ ನೆನಪೂ ಇಲ್ಲ. ಮೇವಿನ ಹೊರೆ ಕಟ್ಟಿದಾಗ, ಚೀಲ ಹೇರಿದಾಗ ಉರಿಯುವ ದೀಪವೂ ಮುಚ್ಚಿಹೋಗುತ್ತದೆ. ಗಾಡಿಯವನು ತಾನು ಎಲ್ಲವನ್ನೂ ಕಾಣುತ್ತಿದ್ದೇನೆಂಬ ನೆಮ್ಮದಿಯಲ್ಲಿ ಸಾಗುತ್ತಿರುತ್ತಾನೆ. ಹಿಂದೆ ಬರುತ್ತಿರುವ ಲಾರಿಯವನ ಪಾಲಿಗೆ ಅವನು ಇಲ್ಲವೇ ಇಲ್ಲ. ಅಚ್ಚಿನ ಹಿಂದೆ ಲಾಟೀನು ಕಟ್ಟುತ್ತಿದ್ದ ನಮ್ಮ ಅಜ್ಜಂದಿರಿಗೆ ವ್ಯಾಟು ವೋಲ್ಟು ಗೊತ್ತಿರಲಿಲ್ಲ, ಆದರೆ ಲಾಟೀನನ್ನು ಎಲ್ಲಿ ಕಟ್ಟಬೇಕೆಂಬುದು ಗೊತ್ತಿತ್ತು.

ಟ್ರ್ಯಾಕ್ಟರ್ ಟ್ರೇಲರುಗಳದು ಇದಕ್ಕಿಂತ ದೊಡ್ಡ ಕಥೆ. ಹತ್ತಿ ಹೇರಿಕೊಂಡು, ಕಬ್ಬು ಹೇರಿಕೊಂಡು, ರಸ್ತೆಯ ಅಗಲಕ್ಕೂ ಚಾಚಿಕೊಂಡು ಹೋಗುವ ಟ್ರೇಲರಿನ ಹಿಂದೆ ಒಂದು ಕೆಂಪು ಚುಕ್ಕೆಯೂ ಇರುವುದಿಲ್ಲ. ಕಬ್ಬಿನ ಹಂಗಾಮಿನಲ್ಲಿ ಪೊಲೀಸರು ಟ್ರೇಲರುಗಳಿಗೆ, ಚಕ್ಕಡಿಗಳಿಗೆ ರಿಫ್ಲೆಕ್ಟರ್ ಪಟ್ಟಿ ಅಂಟಿಸುವ ಚಿತ್ರಗಳು ಪತ್ರಿಕೆಗಳಲ್ಲಿ ಬರುತ್ತವೆ. ಮೆಚ್ಚತಕ್ಕ ಕೆಲಸ, ಇನ್ನೂ ಹೆಚ್ಚಾಗಲಿ. ಸುಗ್ಗಿಯಲ್ಲಿ ಮೆಕ್ಕೆಜೋಳವನ್ನು ಟಾರು ರಸ್ತೆಯ ಅರ್ಧಕ್ಕೆ ಹರವಿ, ವಾಹನ ಹಾಯದಂತೆ ಅಂಚಿಗೆ ಕಲ್ಲು ಇಡುವ ಪದ್ಧತಿ ನಮ್ಮ ಹಾವೇರಿ ಜಿಲ್ಲೆಯಲ್ಲಿ ಎಲ್ಲರೂ ಬಲ್ಲದ್ದು. ಸಂಜೆ ಕಾಳು ತುಂಬಿಕೊಂಡು ಹೋಗುತ್ತಾರೆ, ಕಲ್ಲುಗಳು ಮಾತ್ರ ಅಲ್ಲಿಯೇ ಉಳಿಯುತ್ತವೆ. ಕಲ್ಲಿಗೆ ದೀಪವಿಲ್ಲ, ಪಟ್ಟಿಯೂ ಇಲ್ಲ. ಇಂಥ ರಸ್ತೆಯಲ್ಲಿ ಓಡಾಡುವ ಬಡವನು ತನ್ನ ಗಾಡಿಗೆ ಇನ್ನೊಂದು ದೀಪ ಹಾಕಿಸಿದರೆ ಅವನಿಗೆ ದಂಡ. ಕಲ್ಲಿಟ್ಟವನಿಗೆ, ದೀಪವಿಲ್ಲದ ಟ್ರೇಲರಿನ ಧಣಿಗೆ ಹೆಚ್ಚಿನ ಸಲ ಏನೂ ಇಲ್ಲ. ದೀಪದ ಕಾರ್ಯಾಚರಣೆ ಮಾಡುವುದಾದರೆ ಅದು ಇರುವ ದೀಪಗಳ ಮೇಲಷ್ಟೇ ಅಲ್ಲ, ಇಲ್ಲದ ದೀಪಗಳ ಮೇಲೆಯೂ ನಡೆಯಲಿ ಎನ್ನುವುದು ನನ್ನ ಆಗ್ರಹ. ಗ್ರಾಮ ಪಂಚಾಯಿತಿಯವರು ಸುಗ್ಗಿಯ ದಿನಗಳಲ್ಲಿ ಸಂಜೆ ಒಬ್ಬ ಆಳನ್ನು ಕಳಿಸಿ ಕಲ್ಲು ತೆಗೆಸಿದರೂ ಎಷ್ಟೋ ಮನೆಗಳ ದೀಪ ಉಳಿದೀತು.

ಮಿಸ್ತ್ರಿಗೆ ನಾನು ಹೇಳಿದ್ದು ಇಷ್ಟೇ: "ತಮ್ಮಾ, ಮುಂದ ದೀಪ ಕೇಳಿ ಬಂದವ್ನ ಗಾಡಿ ಮೊದಲ ಹಿಂದ ತಿರುವಿ ನೋಡು. ಹಿಂದಿನ ಬಲ್ಬ್ ಹತ್ತಲಿಲ್ಲಂದ್ರ ಮುಂದಿನದು ಹಾಕಬ್ಯಾಡ."

ಅವನು ನಕ್ಕು, "ಹಂಗಾದ್ರ ಬಲ್ಬಿನ ರೊಕ್ಕ ಯಾರ್ ಕೊಡ್ತಾರ್ರಿ ಸರ? ಮುಂದಿನ ಲೈಟಿಗೆ ಚೌಕಾಶಿ ಮಾಡಂಗಿಲ್ಲ, ಹಿಂದಿನ ಬಲ್ಬಿಗೆ ಜಗಳಾ ತಗೀತಾರ" ಎಂದ. ಆದರೂ ಮುಂದಿನ ವಾರ ಹೋದಾಗ ಅವನ ಅಂಗಡಿಯಲ್ಲಿ ಕೆಂಪು ರಿಫ್ಲೆಕ್ಟರ್ ಪಟ್ಟಿಯ ಒಂದು ಸುರುಳಿ ತೂಗುತ್ತಿತ್ತು. ದೀಪ ಹಾಕಿಸಿದವರ ಮಡ್‌ಗಾರ್ಡಿಗೆ ಕೇಳದೆಯೇ ಒಂದು ಗೇಣು ಕತ್ತರಿಸಿ ಅಂಟಿಸುತ್ತಾನೆ. ಅದಕ್ಕೆ ಬ್ಯಾಟರಿ ಬೇಡ, ವೈರು ಬೇಡ. ಹಿಂದಿನವನ ಬೆಳಕನ್ನೇ ಅವನಿಗೆ ಮರಳಿಸುತ್ತದೆ.

ದೀಪದ ಮುಖ ಸರಿಯಿದೆಯೇ ಎಂದು ನೋಡುವ ಬಗೆಯನ್ನು ಓದುಗರಲ್ಲಿ ಗಾಡಿಯಿರುವವರಿಗಾಗಿ ಹೇಳುತ್ತೇನೆ. ಸಮತಟ್ಟಾದ ನೆಲದಲ್ಲಿ ಗಾಡಿಯನ್ನು ಗೋಡೆಯ ಹತ್ತಿರ ನಿಲ್ಲಿಸಿ, ದೀಪದ ನಡುಭಾಗದ ಎತ್ತರಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದಿಂದ ಒಂದು ಅಡ್ಡಗೆರೆ ಎಳೆಯಿರಿ. ಆಮೇಲೆ ಎಂಟು ಮೀಟರ್, ಅಂದರೆ ದೊಡ್ಡವರ ಹತ್ತು ಹನ್ನೊಂದು ಹೆಜ್ಜೆ, ಹಿಂದಕ್ಕೆ ತನ್ನಿ. ದಿನಾಲೂ ಕೂರುವಷ್ಟು ಜನ ಗಾಡಿಯ ಮೇಲೆ ಕೂರಬೇಕು. ಹಿಂದೆ ಭಾರ ಬಿದ್ದರೆ ಮೂತಿ ಮೇಲೇಳುತ್ತದೆ. ಡಿಪ್ಪಿನಲ್ಲಿ ಬೆಳಕಿನ ಗಟ್ಟಿ ಭಾಗ ಗೆರೆಯ ಕೆಳಗೆ ಬೀಳಬೇಕು. ಮೇಲೆ ಬಿದ್ದರೆ ದೀಪದ ಕೆಳಗಿರುವ ಸ್ಕ್ರೂ ಸಡಿಲಿಸಿ ಬಗ್ಗಿಸಿ. ಹೊಸದಾಗಿ ಕೂಡಿಸಿದ ದೀಪವನ್ನು ಅದಕ್ಕಿಂತಲೂ ಕೆಳಗೆ, ಹತ್ತು ಮೀಟರಿನೊಳಗೇ ಬೆಳಕು ನೆಲ ಮುಟ್ಟುವಂತೆ ತಿರುಗಿಸಿ. ಗೋಡೆ ಇಲ್ಲದವರು ಸಂಜೆ ನಮ್ಮ ಮನೆಯ ಕಡೆಗೆ ಬರಬಹುದು. ಕಂಪೌಂಡಿನ ಗೋಡೆಗೆ ಈಚೆಗೆ ಸುಣ್ಣ ಹೊಡೆಸಿಲ್ಲವಾದ್ದರಿಂದ ಗೆರೆ ಎಳೆಯಲು ಅಡ್ಡಿಯಿಲ್ಲ. ಸೀಮೆಸುಣ್ಣವಂತೂ ನಿವೃತ್ತ ಮಾಸ್ತರನ ಮನೆಯಲ್ಲಿ ಡಬ್ಬಿಗಟ್ಟಲೆ ಬಿದ್ದಿದೆ.